ಅಪ್ಪನ ರಿವಾಲ್ವರ್ ಮಾರಬಹುದೇ? ಮಾರುವ ಮುಂಚೆ ಅದು ಠಾಣೆ ಸೇರಲಿ

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನಲ್ಲಿ ನಮ್ಮದು ಕಾಫಿ ತೋಟ. ಅಪ್ಪ ತೀರಿಕೊಂಡು ಎಂಟು ತಿಂಗಳಾಯಿತು. ಅವರ ಹೆಸರಿನಲ್ಲಿ ಲೈಸೆನ್ಸ್ ಇದ್ದ .32 ವೆಬ್ಲಿ ರಿವಾಲ್ವರ್ ಮತ್ತು 18 ತೋಟಾ (ಗುಂಡು) ಇನ್ನೂ ಬೀರುವಿನಲ್ಲೇ ಇವೆ. ನನಗಾಗಲಿ ಅಮ್ಮನಿಗಾಗಲಿ ಬೆಂಗಳೂರಿನಲ್ಲಿರುವ ತಂಗಿಗಾಗಲಿ ಅದು ಬೇಡ. ಮೂಡಿಗೆರೆಯಲ್ಲಿ ಅಪ್ಪನ ಸ್ನೇಹಿತರೊಬ್ಬರಿದ್ದಾರೆ, ಅವರಿಗೆ ಲೈಸೆನ್ಸ್ ಇದೆ. ತಾವೇ ಕೊಳ್ಳುವುದಾಗಿ 50,000 ರೂಪಾಯಿ ಮುಂಗಡವನ್ನೂ ಕೊಟ್ಟಿದ್ದಾರೆ. "ಛಾಪಾಕಾಗದದ ಮೇಲೆ ಕರಾರು ಬರೆದುಕೊಂಡು ಈಗಲೇ ಕೊಟ್ಟುಬಿಡು, ಕಚೇರಿ ಕೆಲಸ ಆಮೇಲೆ ನಿಧಾನಕ್ಕೆ ಮಾಡಿಸೋಣ" ಅನ್ನುತ್ತಾರೆ. ಟೆಕ್ಸಾಸ್‌ನಲ್ಲಿರುವ ಅಣ್ಣ "ಇಲ್ಲೆಲ್ಲ ಹೀಗೇ ಮಾರ್ತಾರೆ, ಏನೂ ಆಗಲ್ಲ" ಅನ್ನುತ್ತಾನೆ. ಸೋಮವಾರಪೇಟೆಯ ಇನ್ನೊಬ್ಬರು ತಮಗೆ ಲೈಸೆನ್ಸೇ ಬೇಕಿಲ್ಲ ಅನ್ನುತ್ತಾರೆ. ನಾನು ಏನು ಮಾಡಲಿ?

ಉತ್ತರ: ನೀವು ಕೇಳಿರುವುದು ಮಾರಾಟದ ಬಗ್ಗೆ. ಆದರೆ ನಿಮ್ಮ ಪತ್ರ ಓದಿದಾಗ ನನಗೆ ಮೊದಲು ಕಂಡದ್ದು ಬೀರು. ಲೈಸೆನ್ಸ್ ಇದ್ದದ್ದು ನಿಮ್ಮ ತಂದೆಯವರಿಗೆ, ಮನೆಗಲ್ಲ. ಅವರು ತೀರಿಕೊಂಡ ದಿನದಿಂದ ಆ ಕಾಗದದ ಬಲ ಮುಗಿದಿದೆ. ಅದರ ಮೇಲೆ ಇನ್ನೂ ಎರಡು ವರ್ಷದ ಅವಧಿ ಬರೆದಿದ್ದರೂ ಅಷ್ಟೇ. ಇವತ್ತು ಆ ರಿವಾಲ್ವರ್ ಯಾರ ಕೈಯಲ್ಲಿದೆಯೋ ಅವರ ಬಳಿ ಲೈಸೆನ್ಸ್ ಇಲ್ಲ. ಆಯುಧ ಕಾಯ್ದೆ 1959ರ 3ನೇ ಕಲಂ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವುದು ಅಪರಾಧ. 2019ರ ತಿದ್ದುಪಡಿಯಾದ ಮೇಲೆ ಇದಕ್ಕೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಜೈಲು ಮತ್ತು ದಂಡ. ನಿಮ್ಮನ್ನು ಹೆದರಿಸಲು ಇದನ್ನು ಹೇಳುತ್ತಿಲ್ಲ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಹಿರಿಯರು ಹೋದ ಮೇಲೆ ಕೋವಿ ಗೋಡೆಯ ಮೇಲೋ ಬೀರುವಿನಲ್ಲೋ ವರ್ಷಗಟ್ಟಲೆ ಹಾಗೇ ಉಳಿದಿರುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿರುವುದಿಲ್ಲ, ದುಃಖದಲ್ಲಿ ಮರೆತಿರುತ್ತಾರೆ. ಆದರೆ ಕಾನೂನು ನೋಡುವುದು ಆಯುಧ ಯಾರ ಅಂಕೆಯಲ್ಲಿದೆ, ಅದು ಅವರಿಗೆ ಗೊತ್ತಿತ್ತೇ ಎಂಬುದನ್ನು. ಆಯುಧ ಮೈಮೇಲೆ ಇರಬೇಕೆಂದೇನಿಲ್ಲ, ಅದರ ಮೇಲೆ ಹತೋಟಿ ಇದ್ದರೆ ಅದೂ ಸ್ವಾಧೀನವೇ ಎಂದು ಸುಪ್ರೀಂ ಕೋರ್ಟ್ 1972ರಲ್ಲಿ ಗುಣವಂತಲಾಲ್ ಪ್ರಕರಣದಲ್ಲೇ ಹೇಳಿದೆ.

ಹಾಗಾಗಿ ಮೊದಲ ಕೆಲಸ ಠೇವಣಿ. ಯಾವುದೇ ಕಾರಣದಿಂದ ಆಯುಧ ಇಟ್ಟುಕೊಳ್ಳುವ ಹಕ್ಕು ತಪ್ಪಿದರೆ ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸ್ ಇರುವ ಡೀಲರ್ ಬಳಿಯೋ ಒಪ್ಪಿಸಬೇಕು ಎನ್ನುತ್ತದೆ 21ನೇ ಕಲಂ. ನಿಮ್ಮ ಮಟ್ಟಿಗೆ ಇದು ಬರೀ ಹೊರೆಯಲ್ಲ. ನಿಮಗೆ ಮಾರುವ ಹಕ್ಕು ಹುಟ್ಟುವುದೂ ಇಲ್ಲಿಂದಲೇ. ಠೇವಣಿ ಇಟ್ಟವರು ನಿಗದಿತ ಅವಧಿಯೊಳಗೆ ತಾವೇ ಲೈಸೆನ್ಸ್ ಪಡೆದು ಅದನ್ನು ವಾಪಸು ಪಡೆಯಬಹುದು, ಇಲ್ಲವೇ ಇಟ್ಟುಕೊಳ್ಳಲು ಅರ್ಹರಾದ ಬೇರೊಬ್ಬರಿಗೆ ಮಾರಿ ಹಣ ಪಡೆಯಬಹುದು ಎಂದು ಅದೇ ಕಲಮಿನ ಎರಡನೇ ಉಪಕಲಂ ಹೇಳುತ್ತದೆ. ಬೀರುವಿನಿಂದ ನೇರವಾಗಿ ಸ್ನೇಹಿತರ ಕೈಗೆ ಕೊಟ್ಟರೆ ಈ ಹಕ್ಕಿನ ಆಸರೆ ನಿಮಗೆ ಸಿಗುವುದಿಲ್ಲ.

ಒಪ್ಪಿಸುವುದು ಹೇಗೆ? ನೀವಾಗಿ ಅದನ್ನು ಜೀಪಿನಲ್ಲಿಟ್ಟುಕೊಂಡು ಠಾಣೆಗೆ ಹೊರಡಬೇಡಿ. ದಾರಿಯಲ್ಲಿ ತಪಾಸಣೆಯಾದರೆ ತೋರಿಸಲು ನಿಮ್ಮ ಹೆಸರಿನ ಕಾಗದವಿರುವುದಿಲ್ಲ. ಮೊದಲು ಠಾಣಾಧಿಕಾರಿಗೆ ಫೋನ್ ಮಾಡಿ ವಿಷಯ ತಿಳಿಸಿ, ಸಿಬ್ಬಂದಿಯನ್ನು ಮನೆಗೇ ಕಳುಹಿಸಲು ಕೇಳಿ, ಅಥವಾ ಯಾವಾಗ ಹೇಗೆ ತರಬೇಕೆಂದು ಅವರಿಂದಲೇ ಹೇಳಿಸಿಕೊಳ್ಳಿ. ಜೊತೆಗೆ ವಕೀಲರೊಬ್ಬರಿದ್ದರೆ ಒಳ್ಳೆಯದು. ತಂದೆಯವರ ಮೂಲ ಲೈಸೆನ್ಸ್ ಪುಸ್ತಕ, ಮರಣ ಪ್ರಮಾಣಪತ್ರ, ಒಂದು ಪುಟದ ಪತ್ರ ಸಿದ್ಧವಿರಲಿ. ರಿವಾಲ್ವರ್‌ನ ಚಕ್ರದಲ್ಲಿ ತೋಟಾ ಇಲ್ಲ ಎಂದು ಬಲ್ಲವರೊಬ್ಬರು ಬಿಚ್ಚಿ ನೋಡಲಿ. ನಿಮಗೆ ಅಭ್ಯಾಸವಿಲ್ಲದಿದ್ದರೆ ಮುಟ್ಟಬೇಡಿ, ಬಂದ ಪೊಲೀಸರೇ ನೋಡಲಿ.

ಇನ್ನೊಂದು ಸಣ್ಣ ಕೆಲಸವಿದೆ. ಈಗ ಮಾಡಿಕೊಂಡರೆ ಮುಂದೆ ತಿಂಗಳುಗಳು ಉಳಿಯುತ್ತವೆ. ರಿವಾಲ್ವರ್ ಮೈಮೇಲೆ ಕೆತ್ತಿರುವ ಸಂಖ್ಯೆ ಮತ್ತು ಲೈಸೆನ್ಸ್‌ನಲ್ಲಿ ಬರೆದಿರುವ ಸಂಖ್ಯೆ ಒಂದೇ ಇದೆಯೇ ಎಂದು ಅಂಕಿ ಅಂಕಿಯಾಗಿ ಹೋಲಿಸಿ ನೋಡಿಸಿ. ಹಳೆಯ ಲೈಸೆನ್ಸ್‌ಗಳೆಲ್ಲ ಕೈಬರಹದವು. ನವೀಕರಣದಿಂದ ನವೀಕರಣಕ್ಕೆ ನಕಲು ಮಾಡುವಾಗ 3 ಹೋಗಿ 8 ಆಗಿರುತ್ತದೆ, ಮುಂದಿನ ಇಂಗ್ಲಿಷ್ ಅಕ್ಷರ ಬಿಟ್ಟುಹೋಗಿರುತ್ತದೆ. ಚುನಾವಣೆ ಬಂದಾಗಲೆಲ್ಲ ನಿಮ್ಮ ತಂದೆ ಠಾಣೆಯಲ್ಲಿ ಆಯುಧ ಇಟ್ಟು ರಸೀದಿ ತಂದಿರುತ್ತಾರಲ್ಲ, ಆ ಹಳೆಯ ರಸೀದಿಗಳನ್ನು ಹುಡುಕಿ. ಆಗ ಠಾಣೆಯವರು ಆಯುಧವನ್ನೇ ನೋಡಿ ಬರೆದುಕೊಂಡ ಸಂಖ್ಯೆ ಅದರಲ್ಲಿರುತ್ತದೆ. ವ್ಯತ್ಯಾಸ ಕಂಡರೆ ಮುಚ್ಚಿಡಬೇಡಿ, ಪತ್ರದಲ್ಲೇ ಬರೆದುಬಿಡಿ. ಕೊಳ್ಳುವವರ ಕಚೇರಿ ಆ ತಪ್ಪನ್ನು ಕಂಡುಹಿಡಿದರೆ ಇಡೀ ಕಡತ ಅಲ್ಲೇ ನಿಲ್ಲುತ್ತದೆ.

ಠಾಣೆಯ ರಸೀದಿಯಲ್ಲಿ ತಯಾರಕರ ಹೆಸರು, ಬೋರ್ (ನಳಿಗೆಯ ಒಳ ಅಳತೆ), ಸಂಖ್ಯೆ, ತೋಟಾಗಳ ಲೆಕ್ಕ, ಆಯುಧದ ಸ್ಥಿತಿ, ದಿನಾಂಕ ಇಷ್ಟೂ ಇರಲೇಬೇಕು. "ಒಂದು ರಿವಾಲ್ವರ್ ಸ್ವೀಕರಿಸಿದೆ" ಎಂಬ ಒಂದು ಸಾಲಿನ ಚೀಟಿ ಸಾಲದು. ನಿಮ್ಮ ಕಡೆಯ ಮಳೆಗೆ ಠಾಣೆಯ ಮಾಲ್‌ಖಾನೆಯಲ್ಲಿಟ್ಟ ಕಬ್ಬಿಣಕ್ಕೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿಯಬಹುದು. ಆಯುಧದ ಬೆಲೆ ಉಳಿಯಬೇಕೆಂದಿದ್ದರೆ ಠಾಣೆಗೆ ತಿಳಿಸಿ ಗನ್ ಹೌಸ್‌ನಲ್ಲಿ, ಅಂದರೆ ಲೈಸೆನ್ಸ್ ಇರುವ ಡೀಲರ್‌ನ ಅಂಗಡಿಯಲ್ಲಿ, ಠೇವಣಿ ಇಡುವುದು ನನ್ನ ದೃಷ್ಟಿಯಲ್ಲಿ ಮೇಲು. ತಿಂಗಳಿಗಿಷ್ಟು ಎಂದು ಬಾಡಿಗೆ ಕೊಡಬೇಕಾಗುತ್ತದೆ, ಆದರೆ ಅಲ್ಲಿ ಎಣ್ಣೆ ಹಚ್ಚಿ ಇಡುವವರಿರುತ್ತಾರೆ. ಎಲ್ಲೇ ಇಡಿ, ಇಟ್ಟು ಮರೆಯಬೇಡಿ. ನಿಯಮದ ಅವಧಿ ಮೀರಿದರೆ ಜಿಲ್ಲಾ ಮ್ಯಾಜಿಸ್ಟ್ರೇಟರು (ಅಂದರೆ ಜಿಲ್ಲಾಧಿಕಾರಿ, ಡಿಸಿ) ಅದನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳಬಹುದು. ಆ ಅವಧಿ ಯಾವ ದಿನಕ್ಕೆ ಮುಗಿಯುತ್ತದೆ ಎಂದು ಕೇಳಿ ರಸೀದಿಯ ಮೇಲೇ ಬರೆಸಿಕೊಳ್ಳಿ.

"ಎಂಟು ತಿಂಗಳು ತಡವಾಗಿದೆ, ಈಗ ಹೋದರೆ ನನ್ನ ಮೇಲೇ ಕೇಸು ಹಾಕಿದರೆ?" ಎಂಬ ಅಳುಕು ನಿಮ್ಮ ಪತ್ರದ ಸಾಲುಗಳ ನಡುವೆ ಕಾಣುತ್ತದೆ. ತಡವಾಗಿರುವುದು ನಿಜ, ಅದನ್ನು ಪತ್ರದಲ್ಲಿ ಒಪ್ಪಿಕೊಂಡು ಕಾರಣ ಬರೆಯಿರಿ. 3ನೇ ಕಲಮಿನ ಅಪರಾಧಕ್ಕೆ ಮೊಕದ್ದಮೆ ಹೂಡಬೇಕಾದರೆ 39ನೇ ಕಲಂ ಪ್ರಕಾರ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ಲೈಸೆನ್ಸ್‌ದಾರರ ಮಗ ತಾನಾಗಿ ಬಂದು ಮೂಲ ಪುಸ್ತಕದ ಸಮೇತ ಒಪ್ಪಿಸಿದ ಆಯುಧಕ್ಕೂ ಯಾವುದೋ ದೂರಿನ ಮೇಲೆ ಮನೆ ಶೋಧಿಸಿದಾಗ ಸಿಕ್ಕ ಆಯುಧಕ್ಕೂ ಆ ಮೇಜಿನ ಮೇಲೆ ಅಜಗಜಾಂತರ. ಇನ್ನೊಂದು ತಿಂಗಳು ತಡಮಾಡಿದರೆ ನಿಮ್ಮ ಸ್ಥಿತಿ ಸುಧಾರಿಸುವುದಿಲ್ಲ, ಹದಗೆಡುತ್ತದೆ.

ಇನ್ನು ಮನೆಯೊಳಗಿನ ಲೆಕ್ಕ. ಲೈಸೆನ್ಸ್ ತಂದೆಯವರ ಜೊತೆ ಹೋಯಿತು, ಆದರೆ ರಿವಾಲ್ವರ್ ಅವರ ಆಸ್ತಿ. ಉಯಿಲು ಇಲ್ಲದಿದ್ದರೆ ಅದರಲ್ಲಿ ನಿಮ್ಮ ತಾಯಿ, ಅಣ್ಣ, ತಂಗಿ, ನೀವು ನಾಲ್ವರಿಗೂ ಸಮಪಾಲು. ಒಬ್ಬರೇ ಮಾರಿದರೆ ನಾಳೆ ಹಣಕ್ಕಿಂತ ಹೆಚ್ಚಾಗಿ ಮನಸ್ಸುಗಳು ಕೆಡುತ್ತವೆ. ಕಚೇರಿಯವರೂ ಉಳಿದವರ ಒಪ್ಪಿಗೆ ಕೇಳುತ್ತಾರೆ. ನಾಡಕಚೇರಿಯಿಂದ ವಂಶವೃಕ್ಷ ತೆಗೆಸಿ, ಅಮ್ಮ ಮತ್ತು ತಂಗಿಯಿಂದ ನೋಟರಿ ಮುಂದೆ ಒಪ್ಪಿಗೆ ಪ್ರಮಾಣಪತ್ರ ಮಾಡಿಸಿ. ಅಣ್ಣ ಹ್ಯೂಸ್ಟನ್‌ನ ಭಾರತೀಯ ದೂತಾವಾಸದಲ್ಲಿ ಸಹಿ ದೃಢೀಕರಿಸಿ ಕಳುಹಿಸಲಿ. ಯಾರಾದರೂ ಮನಸ್ಸು ಬದಲಿಸಿ ಅಪ್ಪನ ನೆನಪಿಗೆ ಇಟ್ಟುಕೊಳ್ಳೋಣ ಎಂದರೆ ದಾರಿ ಇದೆ. 2016ರ ಆಯುಧ ನಿಯಮಗಳಲ್ಲಿ ವಾರಸುದಾರರಿಗೆ ಲೈಸೆನ್ಸ್ ಕೊಡುವ ಅವಕಾಶವಿದೆ. ಅದು ತಾನಾಗಿ ಬರುವುದಿಲ್ಲ, ಅರ್ಜಿ ಮತ್ತು ಪೊಲೀಸ್ ವರದಿ ಆಗಬೇಕು. ನೀವು ಹಾಸನದ ಜಿಲ್ಲಾಧಿಕಾರಿಗೆ ಅರ್ಜಿ ಹಾಕಬೇಕು, ತಂಗಿಯಾದರೆ ಬೆಂಗಳೂರು ಪೊಲೀಸ್ ಕಮಿಷನರಿಗೆ. ಹಾಗೆಯೇ, ತಂದೆ ಬದುಕಿದ್ದಾಗಲೇ 70 ವರ್ಷ ದಾಟಿದ್ದರೆ ಅಥವಾ 25 ವರ್ಷ ಆಯುಧ ಇಟ್ಟುಕೊಂಡಿದ್ದರೆ ತಾವೇ ವಾರಸುದಾರರನ್ನು ಸೂಚಿಸಬಹುದಿತ್ತು. ಇದನ್ನು ಓದುತ್ತಿರುವ ಹಿರಿಯ ಬೆಳೆಗಾರರು ದಯವಿಟ್ಟು ಈ ಸಾಲನ್ನು ಗಮನಿಸಿ. ಮಕ್ಕಳಿಗೆ ಈ ಪಾಡು ತಪ್ಪುತ್ತದೆ.

ಈಗ ಮಾರಾಟ. ಡೀಲರ್ ಅಲ್ಲದ ಸಾಮಾನ್ಯ ಮನುಷ್ಯ ತನ್ನ ಸ್ವಂತ ಬಳಕೆಯ ಆಯುಧವನ್ನು ಇನ್ನೊಬ್ಬರಿಗೆ ಮಾರಲು ನಮ್ಮ ದೇಶದಲ್ಲಿ ಅವಕಾಶವೇ ಇಲ್ಲ ಎಂದು ಹಲವರು ನಂಬಿದ್ದಾರೆ. ಅದು ಸರಿಯಲ್ಲ. ಕಾಯ್ದೆಯ 5(2)ನೇ ಕಲಂ ಅದಕ್ಕೆ ಬಾಗಿಲು ತೆರೆದಿಟ್ಟಿದೆ, ಎರಡು ಷರತ್ತಿನ ಮೇಲೆ. ಮಾರುವ ಉದ್ದೇಶವನ್ನೂ ಕೊಳ್ಳುವವರ ಹೆಸರು ವಿಳಾಸವನ್ನೂ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ ಅಥವಾ ಹತ್ತಿರದ ಠಾಣಾಧಿಕಾರಿಗೆ ಬರಹದಲ್ಲಿ ತಿಳಿಸಿರಬೇಕು. ಹಾಗೆ ತಿಳಿಸಿ ಕನಿಷ್ಠ 45 ದಿನ ಕಳೆದಿರಬೇಕು. ಈ ಕಲಂ ಕಾನೂನುಬದ್ಧವಾಗಿ ಆಯುಧ ಇಟ್ಟುಕೊಂಡಿರುವವರಿಗೆ. ನಿಮ್ಮ ಹಕ್ಕು ಬರುವುದು ಠೇವಣಿಯ ಕಲಮಿನಿಂದ. ಆದರೂ ಈ ಎರಡು ಷರತ್ತನ್ನು ನೀವೂ ಚಾಚೂ ತಪ್ಪದೆ ಪಾಲಿಸಬೇಕು ಎಂಬುದು ನನ್ನ ಖಚಿತ ಸಲಹೆ. ಆ 45 ದಿನ ಇರುವುದು ಕೊಳ್ಳುವವರ ಹಿನ್ನೆಲೆಯನ್ನು ಪೊಲೀಸರು ನೋಡಲಿ ಎಂದು. ಅಷ್ಟು ದಿನ ಕಾದವರಿಗೆ ಮುಂದೆ ಏನೇ ಆದರೂ ತಾನು ಮುಚ್ಚುಮರೆ ಮಾಡಲಿಲ್ಲ ಎಂದು ತೋರಿಸಲು ದಾಖಲೆ ಉಳಿಯುತ್ತದೆ.

ಪತ್ರ ಹೀಗಿದ್ದರೆ ಸಾಕು: "ನನ್ನ ತಂದೆ ದಿವಂಗತ ಇಂಥವರ ಆಯುಧ ಪರವಾನಗಿ ಸಂಖ್ಯೆ ಇಷ್ಟು, ಯುಐಎನ್ (ಲೈಸೆನ್ಸ್‌ದಾರರ ವಿಶಿಷ್ಟ ಗುರುತಿನ ಸಂಖ್ಯೆ) ಇಷ್ಟು. ಅದರಲ್ಲಿ ನಮೂದಾಗಿರುವ .32 ರಿವಾಲ್ವರ್, ಸಂಖ್ಯೆ ಇಷ್ಟು, ಹಾಗೂ 18 ತೋಟಾಗಳನ್ನು ಈ ದಿನಾಂಕದಂದು ಇಂಥಲ್ಲಿ ಠೇವಣಿ ಇಟ್ಟಿದ್ದೇನೆ. ಇವುಗಳನ್ನು ಮೂಡಿಗೆರೆ ತಾಲ್ಲೂಕಿನ ಇಂಥ ವಿಳಾಸದ, ಇಂಥ ಪರವಾನಗಿ ಹೊಂದಿರುವ ಇಂಥವರಿಗೆ ಮಾರಲು ಉದ್ದೇಶಿಸಿದ್ದೇನೆ. ಇತರ ವಾರಸುದಾರರ ಒಪ್ಪಿಗೆ ಲಗತ್ತಿಸಿದೆ. ವಿಲೇವಾರಿಗೆ ಅನುಮತಿ ನೀಡಬೇಕಾಗಿ ಕೋರುತ್ತೇನೆ." ಹಾಸನದ ಡಿಸಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ನಿಮ್ಮ ಪ್ರತಿಯ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಪ್ರತಿಯೊಂದನ್ನು ಠಾಣೆಗೂ ಇನ್ನೊಂದನ್ನು ಕೊಳ್ಳುವವರ ಜಿಲ್ಲೆಯಾದ ಚಿಕ್ಕಮಗಳೂರಿನ ಡಿಸಿ ಕಚೇರಿಗೂ ಕೊಡಿ. 45 ದಿನ ಎಣಿಸುವುದು ಆ ಮೊಹರಿನಿಂದ. ಕಾಯ್ದೆಯ ಸಾಲಿನಲ್ಲಿ "ತಿಳಿಸಬೇಕು" ಎಂದಿದೆಯೇ ಹೊರತು ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಎಂಬ ಮಾತಿಲ್ಲ. 45 ದಿನ ಮುಗಿದ ಮರುದಿನವೇ ಕೊಟ್ಟುಬಿಡಬಹುದು ಎಂದು ವಾದಿಸುವವರಿದ್ದಾರೆ. ನಾನು ಆ ಸಲಹೆ ಕೊಡುವುದಿಲ್ಲ. ಲಿಖಿತ ಅನುಮತಿ ಇಲ್ಲದೆ ಕೊಳ್ಳುವವರ ಲೈಸೆನ್ಸ್‌ನಲ್ಲಿ ಆಯುಧ ನಮೂದಾಗುವುದು ಕಷ್ಟ. ನಮೂದಾಗದ ಆಯುಧ ಅವರ ಕೈಯಲ್ಲಿದ್ದರೆ ತೊಂದರೆ ಇಬ್ಬರಿಗೂ.

ಛಾಪಾಕಾಗದದ ಕರಾರಿಗೆ ಇಲ್ಲಿ ಏನು ಬೆಲೆ? ಕಾನೂನು ನಿಷೇಧಿಸಿದ ಕೆಲಸಕ್ಕೆ ಮಾಡಿಕೊಂಡ ಕರಾರು ಭಾರತೀಯ ಒಪ್ಪಂದ ಕಾಯ್ದೆ 1872ರ 23ನೇ ಕಲಂ ಪ್ರಕಾರ ಅನೂರ್ಜಿತ. ಎಷ್ಟು ರೂಪಾಯಿಯ ಕಾಗದವಾದರೂ ಅಷ್ಟೇ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ನಿಯಮ ಮೀರಿ ಆಯುಧ ಕೊಟ್ಟಿರಿ ಎನ್ನುವುದಕ್ಕೆ ನಿಮ್ಮ ಸಹಿಯಿರುವ, ದಿನಾಂಕ ಹಾಕಿದ ಸಾಕ್ಷ್ಯವನ್ನು ನೀವೇ ತಯಾರಿಸಿ ಕೊಟ್ಟಂತಾಗುತ್ತದೆ. 5ನೇ ಕಲಂ ಮೀರಿ ಮಾರುವುದಕ್ಕೆ, ವರ್ಗಾಯಿಸುವುದಕ್ಕೆ, ಮಾರಾಟಕ್ಕಿದೆ ಎಂದು ಮುಂದಿಡುವುದಕ್ಕೂ 25(1)(ಎ) ಅನ್ವಯಿಸುತ್ತದೆ. 2019ರ ಡಿಸೆಂಬರ್‌ನಿಂದ ಇದಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಲೈಸೆನ್ಸ್ ಇಲ್ಲದೆ ಇಟ್ಟುಕೊಂಡದ್ದಕ್ಕೆ ಎರಡು ವರ್ಷದಿಂದ ಶುರುವಾದರೆ, ಮಾರಿದ್ದಕ್ಕೆ ಏಳರಿಂದ. ನಿಮ್ಮ ಅಪ್ಪನ ಸ್ನೇಹಿತರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹಳೆಯ ಕಾಲದಲ್ಲಿ ಕೋವಿಗಳು ಹೀಗೆ ಕೈ ಬದಲಾಯಿಸಿದ್ದನ್ನು ಅವರು ನೋಡಿರಬಹುದು. ಆದರೆ ಅವರು ಸೂಚಿಸುತ್ತಿರುವ ದಾರಿ ನಿಮ್ಮನ್ನು ಚಿಕ್ಕ ಅಪರಾಧದಿಂದ ದೊಡ್ಡದಕ್ಕೆ ಕರೆದೊಯ್ಯುತ್ತದೆ. ವಾಟ್ಸ್ಆ್ಯಪ್ ಗುಂಪಿನಲ್ಲಿ ರಿವಾಲ್ವರ್‌ನ ಫೋಟೊ ಹಾಕಿ ಬೆಲೆ ಕೇಳಿದ್ದರೆ ಅದನ್ನೂ ನಿಲ್ಲಿಸಿ.

ಅಪ್ಪನ ಸ್ನೇಹಿತರಿಗೆ ಲೈಸೆನ್ಸ್ ಇದೆ ಎಂಬ ಮಾತನ್ನು ಮಾತಾಗಿಯೇ ಬಿಡಬೇಡಿ. ಮೂಲ ಪುಸ್ತಕ ನೋಡಿ. ಅವಧಿ ಮುಗಿದಿದೆಯೇ? ಅದು ರಿವಾಲ್ವರ್ ಅಥವಾ ಪಿಸ್ತೂಲಿನದೋ, ಬೆಳೆ ಕಾಯಲು ಕೊಟ್ಟ ಬಂದೂಕಿನದೋ? ತೋಟಗಾರರಲ್ಲಿ ಹೆಚ್ಚಿನವರಿಗೆ ಇರುವುದು ಎರಡನೆಯದೇ, ಅದರ ಮೇಲೆ ರಿವಾಲ್ವರ್ ಕೊಳ್ಳಲಾಗದು. ಈಗಾಗಲೇ ಎಷ್ಟು ಆಯುಧ ನಮೂದಾಗಿವೆ? 2019ರವರೆಗೆ ಒಬ್ಬರಿಗೆ ಮೂರಕ್ಕೆ ಅವಕಾಶವಿತ್ತು, ಈಗ ಎರಡೇ. ಇಷ್ಟು ವಿಚಾರಿಸುವುದು ಅಪನಂಬಿಕೆಯಾಗುವುದಿಲ್ಲ, ಅದು ಕಾನೂನು ನಿಮ್ಮ ಮೇಲೆ ಹೊರಿಸಿರುವ ಹೊಣೆ. ತೆಗೆದುಕೊಳ್ಳುವವರಿಗೆ ಹಕ್ಕಿದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳದೆ ಆಯುಧ ಒಪ್ಪಿಸುವುದು 29ನೇ ಕಲಂ ಪ್ರಕಾರ ತಾನೇ ಒಂದು ಅಪರಾಧ. 21 ವರ್ಷ ತುಂಬದವರಿಗೆ, ಹಿಂಸೆಯ ಅಪರಾಧದಲ್ಲಿ ಶಿಕ್ಷೆ ಮುಗಿಸಿ ಐದು ವರ್ಷ ಕಳೆಯದವರಿಗೆ, ಮಾನಸಿಕ ಸ್ವಾಸ್ಥ್ಯ ಕಳೆದುಕೊಂಡವರಿಗೆ ಕೊಡುವುದನ್ನು 9ನೇ ಕಲಂ ನಿಷೇಧಿಸುತ್ತದೆ.

ನಿಮ್ಮದು .32 ಆದ್ದರಿಂದ ಒಂದು ದೊಡ್ಡ ತೊಡಕು ತಪ್ಪಿದೆ. .380 ಅಥವಾ .455 ತೋಟಾ ಹಾರಿಸುವ ರಿವಾಲ್ವರ್, ಸೇನೆಯ 9 ಎಂಎಂ ಅಥವಾ .45 ತೋಟಾ ಹಾರಿಸುವ ಪಿಸ್ತೂಲು ನಿಷೇಧಿತ ಬೋರ್‌ನವು. ಅವುಗಳ ಲೈಸೆನ್ಸ್ ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ, ಕೊಳ್ಳುವವರು ಸಿಗುವುದೇ ಅಪರೂಪ. ವೆಬ್ಲಿ ಕಂಪನಿ .32, .380, .455 ಮೂರೂ ಬೋರ್‌ಗಳಲ್ಲಿ ರಿವಾಲ್ವರ್ ಮಾಡಿದೆ. ಆದ್ದರಿಂದ ಲೈಸೆನ್ಸ್ ಓದಿ ಸುಮ್ಮನಾಗದೆ ನಳಿಗೆಯ ಮೇಲಿನ ಗುರುತನ್ನೂ ಗನ್ ಹೌಸ್‌ನವರಿಂದ ಓದಿಸಿ.

ಸೋಮವಾರಪೇಟೆಯವರ ಮಾತು ಅರ್ಧ ನಿಜ. ಕೊಡವ ಜನಾಂಗದವರಿಗೆ ಮತ್ತು ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. ಬ್ರಿಟಿಷರ ಕಾಲದಿಂದ ಬಂದದ್ದು, ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ. 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆದರೆ ಅದು ಆ ವರ್ಗಕ್ಕೆ ಸೇರಿದ ವ್ಯಕ್ತಿಗೆ ಸಿಕ್ಕ ಹಕ್ಕು, ಕೊಡಗಿನಲ್ಲಿ ಮನೆಯಿರುವ ಎಲ್ಲರಿಗೂ ಅಲ್ಲ. ರಿವಾಲ್ವರ್ ಕೂಡ ಅದರೊಳಗೆ ಬರುತ್ತದೆ ಎಂದು ಅಂದಾಜಿನ ಮೇಲೆ ನಂಬಬೇಡಿ. ಅವರು ವಿನಾಯಿತಿ ಪ್ರಮಾಣಪತ್ರ ತೋರಿಸಲಿ, ಅದರಲ್ಲಿ ಯಾವ ಆಯುಧ ಎಂದು ಬರೆದಿದೆಯೋ ಅದನ್ನು ಮಡಿಕೇರಿಯ ಡಿಸಿ ಕಚೇರಿ ಬರಹದಲ್ಲಿ ಖಚಿತಪಡಿಸಲಿ. ನಿಮ್ಮ ಜಾಗದಲ್ಲಿ ನಾನಿದ್ದರೆ ಮೂಡಿಗೆರೆಯವರ ದಾರಿಯನ್ನೇ ಹಿಡಿಯುತ್ತಿದ್ದೆ.

ನಿಮ್ಮ ಅಣ್ಣ ಹೇಳಿದ್ದು ಅವರಿರುವ ರಾಜ್ಯದ ಮಟ್ಟಿಗೆ ಬಹುಪಾಲು ಸರಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಖರೀದಿದಾರರ ಹಿನ್ನೆಲೆ ತಪಾಸಣೆ ಲೈಸೆನ್ಸ್ ಇರುವ ಡೀಲರ್‌ಗಳಿಗೆ ಕಡ್ಡಾಯ. ಖಾಸಗಿ ವ್ಯಕ್ತಿ ತನ್ನದೇ ರಾಜ್ಯದ ನಿವಾಸಿಗೆ ಮಾರುವಾಗ ಕಡ್ಡಾಯವಲ್ಲ, ಟೆಕ್ಸಾಸ್ ಕೂಡ ಬೇರೆಯಾಗಿ ಕೇಳುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಮಾರಾಟವೂ ಡೀಲರ್ ಮೂಲಕವೇ ಆಗಬೇಕು. ಟೆಕ್ಸಾಸ್‌ನಲ್ಲಿಯೂ ಬೇರೆ ರಾಜ್ಯದವರಿಗೆ ನೇರವಾಗಿ ಮಾರುವಂತಿಲ್ಲ, ನಿಷೇಧಿತ ವ್ಯಕ್ತಿ ಎಂದು ಗೊತ್ತಿದ್ದೂ ಮಾರುವಂತಿಲ್ಲ. ಅಣ್ಣ ಎಚ್‌-1ಬಿ ವೀಸಾದಲ್ಲಿದ್ದರೆ ಅವರಿಗೊಂದು ಮಾತು ತಿಳಿಸಿ. ವಲಸೆಯೇತರ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನೇ ಅಲ್ಲಿನ ಫೆಡರಲ್ ಕಾನೂನು ನಿಷೇಧಿಸುತ್ತದೆ, ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ಕೆಲವೇ ವಿನಾಯಿತಿಗಳಿವೆ. ಸ್ನೇಹಿತರು ಮಾರುತ್ತಿದ್ದಾರೆಂದು ಅಲ್ಲಿ ಒಂದನ್ನು ಕೊಂಡ ನಮ್ಮ ಹುಡುಗರಿಗೆ ವೀಸಾ ಮಾತ್ರವಲ್ಲ, ಸ್ವಾತಂತ್ರ್ಯವೇ ಹೋಗಬಹುದು. ಆ ಕಾನೂನು ಯಾವುದೂ ಸಕಲೇಶಪುರಕ್ಕೆ ಅನ್ವಯಿಸುವುದಿಲ್ಲ.

ಬೆಲೆ ನಿಮಗೆ ಬಿಟ್ಟದ್ದು, ಸರ್ಕಾರಿ ದರ ಎಂಬುದಿಲ್ಲ. 1980ರ ದಶಕದ ಮಧ್ಯದಿಂದ ಸಾಮಾನ್ಯ ಜನರಿಗೆ ವಿದೇಶಿ ಬಂದೂಕಿನ ಆಮದು ನಿಂತಿರುವುದರಿಂದ ಹಳೆಯ ವೆಬ್ಲಿಯಂಥವಕ್ಕೆ ಬೇಡಿಕೆ ಇದೆ. ಅವಸರಪಡಿಸುವವರ ಅವಸರಕ್ಕೆ ಇದೂ ಒಂದು ಕಾರಣ. ಇಬ್ಬರು ಡೀಲರ್‌ಗಳನ್ನಾದರೂ ಕೇಳಿ ನೋಡಿ.

ಅನುಮತಿ ಬಂದ ಮೇಲೆ ಹಸ್ತಾಂತರ ಗನ್ ಹೌಸ್‌ನಲ್ಲೋ ಠಾಣೆಯಲ್ಲೋ ಆಗಲಿ, ನಿಮ್ಮ ಮನೆಯ ಜಗಲಿಯ ಮೇಲೆ ಬೇಡ. ಆಯುಧದ ಸಂಖ್ಯೆ, ತೋಟಾಗಳ ಲೆಕ್ಕ, ಕೊಳ್ಳುವವರ ಲೈಸೆನ್ಸ್ ವಿವರ, ಗಂಟೆ ಸಮೇತ ದಿನಾಂಕ ಬರೆದು ಎಲ್ಲರೂ ಸಹಿ ಮಾಡಿ. ತೋಟಾಗಳಿಗೂ ಇದೇ ನಿಯಮ. ಹಳೆಯವು, ಹಾರುವುದಿಲ್ಲ ಎಂದು ಹೊಳೆಗೆ ಎಸೆಯುವುದು, ತೋಟದಲ್ಲಿ ಹೂಳುವುದು ಬೇಡ. 18 ಇದ್ದವು ಎಂದ ಮೇಲೆ 18ಕ್ಕೂ ಲೆಕ್ಕ ಇರಬೇಕು. ಕೊಂಡವರು ಚಿಕ್ಕಮಗಳೂರಿನಲ್ಲಿ ತಮ್ಮ ಲೈಸೆನ್ಸ್‌ನಲ್ಲಿ ನಮೂದು ಮಾಡಿಸಿ ಆ ಪುಟದ ಪ್ರತಿ ನಿಮಗೆ ಕೊಡಲಿ. ಅದನ್ನು ಲಗತ್ತಿಸಿ ಹಾಸನದ ಕಚೇರಿಗೆ ಕೊನೆಯ ಪತ್ರ ಬರೆದು, ತಂದೆಯವರ ಲೈಸೆನ್ಸ್ ಒಪ್ಪಿಸಿ ರದ್ದಾದದ್ದಕ್ಕೆ ಹಿಂಬರಹ ಪಡೆಯಿರಿ. ನಾಳೆ ಆ ಸಂಖ್ಯೆಯ ರಿವಾಲ್ವರ್ ಎಲ್ಲೋ ಒಂದು ಪ್ರಕರಣದಲ್ಲಿ ಸಿಕ್ಕರೆ ಪೊಲೀಸರು ಮೊದಲು ಬರುವುದು ಹಳೆಯ ದಾಖಲೆಯಲ್ಲಿರುವ ನಿಮ್ಮ ವಿಳಾಸಕ್ಕೆ.

ಇನ್ನು ಆ 50,000. ಠೇವಣಿಯೂ ಆಗದೆ, ಪತ್ರವೂ ಕೊಡದೆ ಮುಂಗಡ ಪಡೆದದ್ದು ಮಾರಾಟ ಆಗಲೇ ನಡೆದಿದೆ ಎಂಬ ಅನುಮಾನಕ್ಕೆ ಎಡೆಕೊಡುತ್ತದೆ. ಅದನ್ನು ಈ ವಾರವೇ ಬ್ಯಾಂಕ್ ಮೂಲಕ ವಾಪಸು ಮಾಡಿ, "ಅನುಮತಿ ಬರುವವರೆಗೆ ಯಾವ ಹಣವೂ ಬೇಡ, ಬಂದ ಮೇಲೆ ನಿಮಗೇ ಮೊದಲು ಹೇಳುತ್ತೇನೆ" ಎಂದು ಒಂದು ಸಂದೇಶ ಕಳುಹಿಸಿ. ಅಪ್ಪನ ಸ್ನೇಹಿತರಾದ್ದರಿಂದ ಬೇಸರ ಮಾಡಿಕೊಂಡರೂ ಅರ್ಥ ಮಾಡಿಕೊಳ್ಳುತ್ತಾರೆ. ಆಮೇಲೆ ಅವರು 45 ದಿನ ಕಾಯಲು ಒಪ್ಪದಿದ್ದರೆ ಬೇರೆ ಖರೀದಿದಾರರನ್ನು ನೋಡಿ.